ಶಾವಿಗೆಯ ಮುಳ್ಳುಹಂದಿಗಳು

ಅಪ್ಪ ಹೋದ ಮೇಲೆ ಅಕ್ಷಿತ್ ಯಾರ ಹುಟ್ಟುಹಬ್ಬಕ್ಕೂ ಹೋಗಲಿಲ್ಲ. ಮರಾಠಿ ನಾಡಿನ ಕೋಪರಿಯ ಆ ಹಳೆಯ ಕಟ್ಟಡದಲ್ಲಿ ಮಕ್ಕಳು ತುಂಬ. ತಿಂಗಳಿಗೊಮ್ಮೆಯಾದರೂ ಯಾರದೋ ಮನೆಯಿಂದ ಕೇಕಿಗೆ ಕರೆ ಬರುತ್ತಿತ್ತು. ಕರೆ ಬಂದಾಗಲೆಲ್ಲ ಅವನಿಗೆ ಹೊಟ್ಟೆನೋವು. ಸೌಜನ್ಯ ಮೊದಮೊದಲು ಮಗನ ಹೊಟ್ಟೆ ಒತ್ತಿ ನೋಡಿ, ಓಮದ ನೀರು ಕುದಿಸಿ ಕೊಟ್ಟಳು. ಆಮೇಲೆ ನೋವು ಹೊಟ್ಟೆಯದಲ್ಲ ಎಂದು ಅವಳಿಗೂ ತಿಳಿಯಿತು. ಕೇಳಿದರೆ ಏಳು ವರ್ಷದ ಹುಡುಗ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಕಾರಣವನ್ನು ಅವನು ಹೇಳಿದ್ದು ಅಜ್ಜಿಗೆ. ಅಜ್ಜಿಯಿಂದ ಅದು ಸೌಜನ್ಯಳಿಗೆ ಗೊತ್ತಾಗುವಾಗ ಮಳೆಗಾಲ ಶುರುವಾಗಿತ್ತು.

ಅವಳ ಗಂಡ ಕೀರ್ತನ್ ವಾಗ್ಳೆ ಎಸ್ಟೇಟಿನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದ. ಸುತ್ತಲಿನ ಕಾರ್ಖಾನೆ, ಆಫೀಸುಗಳಿಗೆ ರಜೆ ಇರುವ ಭಾನುವಾರ ಹೋಟೆಲಿಗೂ ರಜೆ. ಆ ಒಂದು ದಿನ ಮನೆಯಲ್ಲೇ ಮಕ್ಕಳ ಪಾರ್ಟಿಗೆ ತಿಂಡಿ ಮಾಡಿಕೊಡುತ್ತಿದ್ದ. ಗಿರಾಕಿಗಳು ಥೀಮ್ ಹೇಳುತ್ತಿದ್ದರು: ಕಾಡು, ಸಮುದ್ರ, ಆಕಾಶ. ಉಳಿದದ್ದು ಇವನ ತಲೆ. ಸಮುದ್ರವೆಂದರೆ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು, ಒಳಗೆ ಕಡಲೆ ಉಸಲಿ ತುಂಬಿ, ಹಪ್ಪಳದ ಚೂರನ್ನು ಹಾಯಿಯಂತೆ ಸಿಕ್ಕಿಸಿದ ದೋಣಿ. ಆಕಾಶವೆಂದರೆ ದುಂಡಗೆ ಕತ್ತರಿಸಿದ ನೀರುದೋಸೆಯ ಚಂದ್ರ. ದೋಸೆಯ ತೂತುಗಳೇ ಚಂದ್ರನ ಮೇಲಿನ ಹೊಂಡಗಳು. ಕಾಡಿಗೆ, ಬೀಟ್‌ರೂಟ್ ಮತ್ತು ಪಾಲಕ್ ರುಬ್ಬಿ ಬೆರೆಸಿದ ಇಡ್ಲಿಹಿಟ್ಟನ್ನು ಅಪ್ಪದ ಕಾವಲಿಯಲ್ಲಿ ಹೊಯ್ದು, ಕೆಂಪು ಹಸಿರು ಉಂಡೆಗಳನ್ನು ಕಡ್ಡಿಗೆ ಪೋಣಿಸಿದ ಕಂಬಳಿಹುಳ.

ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ಮುಳ್ಳುಹಂದಿಗೆ. ಬೇಯಿಸಿ ನುರಿದ ಆಲೂಗಡ್ಡೆ, ನಡುವೆ ಒಂದು ತುಂಡು ಪನೀರ್, ಒಂದು ತುದಿಯಲ್ಲಿ ಚೂಪಾಗಿ ಎಳೆದ ಮೂತಿ. ಮೂತಿ ಬಿಟ್ಟು ಉಳಿದ ಮೈಯನ್ನು ಮುರಿದ ಶಾವಿಗೆಯಲ್ಲಿ ಹೊರಳಿಸಿ ಕಾದ ಎಣ್ಣೆಗೆ ಬಿಟ್ಟರೆ ಶಾವಿಗೆ ಕೆಂಪಾಗಿ ಮುಳ್ಳಿನಂತೆ ನಿಲ್ಲುತ್ತದೆ. ಕಣ್ಣಿಗೆ ಎರಡು ಕರಿಮೆಣಸು. ತಿನ್ನುವಾಗ ಮಕ್ಕಳು ಅವನ್ನು ಕಿತ್ತು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರು. ಆಲೂಗಡ್ಡೆಯನ್ನು ಹದ ಮಾಡುವುದು ಕೀರ್ತನ್, ಮೂತಿ ಎಳೆದು, ಮುಳ್ಳು ಹಚ್ಚಿ, ಕಣ್ಣು ಇಡುವುದು ಸೌಜನ್ಯ. ಈ ಪಾಲು ಒಂದು ಸಲವೂ ಬದಲಾಗಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಮಾಜಿವಾಡದ ಒಂದು ಹೌಸಿಂಗ್ ಸೊಸೈಟಿಗೆ ಮುಳ್ಳುಹಂದಿಯ ಟ್ರೇ ಹೋಗಬೇಕಿತ್ತು. ಸೌಜನ್ಯ ಸ್ನಾನಕ್ಕೆ ಹೋಗಿದ್ದಾಗ ಅಕ್ಷಿತ್ ಜೋಡಿಸಿಟ್ಟ ಸಾಲಿನಿಂದ ಒಂದನ್ನು ತೆಗೆದು ಕಚ್ಚಿದ. ಕೀರ್ತನ್ ನೋಡಿ ಬೈದ. ಗಿರಾಕಿಯದ್ದನ್ನು ಮುಟ್ಟಬಾರದೆಂದು ಎಷ್ಟು ಸಲ ಹೇಳಬೇಕು ಎಂದ. ಹುಡುಗ ಕಚ್ಚಿದ್ದನ್ನು ಟ್ರೇಯ ಮೇಲೆಯೇ ಎಸೆದು ಒಳಗೆ ಓಡಿದ. ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು ಕರೆದರೂ ಬರಲಿಲ್ಲ. ಟ್ರೇ ಕೊಟ್ಟು ಹಿಂತಿರುಗುವಾಗ ಆ ಸೊಸೈಟಿಯ ಲಿಫ್ಟಿನ ಎದುರು ಕೀರ್ತನ್ ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಹೃದಯ ನಿಂತಿತ್ತು.

"ಪಪ್ಪಾ ಅಭೀ ಭೀ ಗುಸ್ಸಾ ಹೈ ಕ್ಯಾ?" ಎಂದು ಹುಡುಗ ಅಜ್ಜಿಯನ್ನು ಕೇಳಿದ್ದ, ಪಪ್ಪನಿಗೆ ಇನ್ನೂ ಕೋಪವೇ ಎಂದು. ಇಲ್ಲೇ ಹುಟ್ಟಿದ ಅವನಿಗೆ ಮನೆಯ ತುಳು, ಕನ್ನಡ ಎರಡೂ ಅರ್ಥವಾಗುತ್ತಿದ್ದವು; ಉತ್ತರ ಮಾತ್ರ ಹಿಂದಿಯಲ್ಲಿ.

ಅಜ್ಜಿ ಜಯಲತಾ ಅದಕ್ಕೆ ಹೇಳಿದ ಸಮಾಧಾನ ಸೌಜನ್ಯಳಿಗೆ ಹಿಡಿಸಲಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಸತ್ತವರನ್ನು ಕರೆದು, ಅವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಆ ಕುಟುಂಬದ ಕ್ರಮ. ಅವರು ಬಂದು ಉಂಡು ಹೋದ ಮೇಲೆ ಎಲೆಯಲ್ಲಿರುವುದು ಮನೆಯವರ ಊಟ. ಇಷ್ಟು ವರ್ಷ ಜಯಲತಾಳ ಗಂಡ ಮುಂಡಪ್ಪನಿಗೆ ಒಂದೇ ಎಲೆ ಹಾಕುತ್ತಿದ್ದರು, ಈ ಸಲ ಕೀರ್ತನನಿಗೂ ಒಂದು. ಪಪ್ಪ ಬಂದು ತಿಂದರೆ ಕೋಪ ಇಲ್ಲವೆಂದು ಅರ್ಥ, ತಿಂದೇ ತಿನ್ನುತ್ತಾನೆ ಎಂದು ಅಜ್ಜಿ ಮಾತು ಕೊಟ್ಟುಬಿಟ್ಟಿದ್ದಳು. ಅಂದಿನಿಂದ ಹುಡುಗ ದಿನಾ ಶಾಲೆಯಿಂದ ಬಂದವನೇ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದ.

ಸೌಜನ್ಯ ರಸಾಯನಶಾಸ್ತ್ರ ಓದಿದವಳು. ರಬಾಳೆಯಲ್ಲಿ ಪ್ಯಾಕೆಟ್ ತಿಂಡಿಗಳನ್ನು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ. ತವರು ಕುಂದಾಪುರದ ಕಡೆ, ತುಳು ನಾಲಿಗೆಗೆ ಹತ್ತಿರಲಿಲ್ಲ. ಅತ್ತೆ ಸೊಸೆಯ ಮಾತು, ಜಗಳ ಎಲ್ಲ ಕನ್ನಡದಲ್ಲೇ.

"ತಿಂದದ್ದು ಮಗುವಿಗೆ ಹೇಗೆ ಗೊತ್ತಾಗ್ಬೇಕು ಅತ್ತೆ? ಬಾಗಿಲು ತೆಗೆದಾಗ ಎಲೆ ಇದ್ದ ಹಾಗೇ ಇರ್ತದೆ. ಆಗ ಏನು ಹೇಳ್ತೀರಿ ಅವನಿಗೆ?"

"ಗೊತ್ತಾಗ್ತದೆ."

"ಹೇಗೆ ಅಂತ ಕೇಳಿದ್ದು."

"ಎಲ್ಲ ನಿನ್ನ ಲ್ಯಾಬಿನ ಬಾಟ್ಲಿಯಲ್ಲಿ ಹಾಕಿ ಅಲ್ಲಾಡ್ಸಿ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ."

ಬಸ್ಸಿನಲ್ಲಿ, ಲ್ಯಾಬಿನಲ್ಲಿ ಸೌಜನ್ಯಳಿಗೆ ಅದೇ ಯೋಚನೆ. ದೊಡ್ಡವರು ಆ ಎಲೆಯನ್ನು ಹೇಗೆ ಬೇಕಾದರೂ ನೋಡಬಹುದು. ಬಂದರೆಂದು ನಂಬುವವರಿಗೆ ಎಲೆ ಅಲುಗಬೇಕಾಗಿಲ್ಲ. ಮಗು ಹಾಗಲ್ಲ. ಅದು ಬಡಿಸಿದ್ದು ಬಡಿಸಿದಂತೆಯೇ ಇರುವುದನ್ನು ನೋಡುತ್ತದೆ, ಪಪ್ಪ ತಿನ್ನಲಿಲ್ಲ ಎನ್ನುತ್ತದೆ. ಆಮೇಲೆ ಆ ಮಾತನ್ನು ಅವನ ತಲೆಯಿಂದ ತೆಗೆಯುವುದು ಯಾರಿಂದಲೂ ಆಗದು.

ಏನು ಬಡಿಸಬೇಕೆಂಬ ಮಾತು ಬಂದಾಗ ಜಯಲತಾ ಕೋಳಿ ಸಾರು ಮತ್ತು ರೊಟ್ಟಿ ಎಂದಳು. ಅದರಲ್ಲಿ ಅವಳಿಗೆ ಎರಡು ಯೋಚನೆ ಇರಲಿಲ್ಲ. ಅಕ್ಷಿತ್ ಮುಳ್ಳುಹಂದಿಯೂ ಬೇಕೆಂದ. ಸತ್ತವರ ಎಲೆಗೆ ಹಂದಿಯಾ ಎಂದು ಅಜ್ಜಿ ನಕ್ಕಳು. ಅದೂ ಅಲ್ಲದೆ ಅದು ಅವನು ಊರವರ ಮಕ್ಕಳಿಗೆ ಮಾಡುತ್ತಿದ್ದದ್ದು, ತಾನು ತಿನ್ನುತ್ತಿದ್ದದ್ದಲ್ಲ ಎಂದಳು. ಹುಡುಗ ನಗಲಿಲ್ಲ.

"ಏಕ್ ವಾಪಸ್ ದೇನಾ ಹೈ," ಎಂದ. ಒಂದು ಹಿಂದಕ್ಕೆ ಕೊಡಬೇಕು.

ಜಯಲತಾ ಸೊಸೆಯ ಮುಖ ನೋಡಿದಳು. ಆಮೇಲೆ ಯಾರೂ ಬೇಡವೆನ್ನಲಿಲ್ಲ.

ಎಲೆ ಹಾಕುವ ಭಾನುವಾರ ಬೆಳಿಗ್ಗೆಯಿಂದಲೇ ಮನೆಯಲ್ಲಿ ಹುರಿದ ಕೊತ್ತಂಬರಿಯ ಘಾಟು. ಜಯಲತಾ ಊರಿನಿಂದ ತರಿಸಿಟ್ಟ ಮೆಣಸನ್ನು ತೆಗೆದಿದ್ದಳು. ಸ್ಟೇಷನ್ ಪಕ್ಕದ ಮಂಗಳೂರು ಸ್ಟೋರಿನ, ಹಪ್ಪಳದಂತೆ ಗರಿಗರಿಯಾದ ಅಕ್ಕಿರೊಟ್ಟಿಯ ಪ್ಯಾಕೆಟನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿ, ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಕೀರ್ತನ್ ಸಣ್ಣವನಿದ್ದಾಗ ರೊಟ್ಟಿ ಸಾರಿನಲ್ಲಿ ನೆನೆಯುವಷ್ಟೂ ಕಾಯುತ್ತಿರಲಿಲ್ಲ, ಕುರುಕುರು ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತು ಎಂದು ಹೇಳುತ್ತಾ ಕಾಯಿ ರುಬ್ಬಿದಳು. ಮಗ ಹೋದ ಮೇಲೆ ಅವಳು ಅವನ ಬಗ್ಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಮುಂಡಪ್ಪನ ಎಲೆಯ ಬಳಿ ಇಡಲು ಒಂದು ಕ್ವಾರ್ಟರ್ ಬಾಟಲಿಯೂ ಬಂದಿತ್ತು. "ಅವರಿಗೆ ಕೋಳಿ ಹಾಕದಿದ್ರೂ ನಡೀತದೆ. ಇದು ಇಲ್ಲದಿದ್ರೆ ಬಾಗಿಲಿಂದಲೇ ವಾಪಸ್ಸು," ಎಂದಳು.

ಒಂದು ನಿಯಮವನ್ನು ಅವಳು ಸೊಸೆಗೆ ಮೊದಲೇ ಹೇಳಿದ್ದಳು: ಅವರು ಉಣ್ಣುವ ಮೊದಲು ಯಾರೂ ರುಚಿ ನೋಡಬಾರದು. ಉಪ್ಪು ಖಾರ ಎಲ್ಲ ಕೈಯ ಅಂದಾಜು. ಸೌಜನ್ಯಳಿಗೆ ಇದು ಕಷ್ಟವೆನಿಸಲಿಲ್ಲ; ಅವಳ ಲ್ಯಾಬಿನಲ್ಲಿಯೂ ಯಾರೂ ಏನನ್ನೂ ಬಾಯಿಗೆ ಹಾಕುವುದಿಲ್ಲ.

ಮಧ್ಯಾಹ್ನ ಅವಳು ಆಲೂಗಡ್ಡೆ ಬೇಯಿಸಿ ಸಿಪ್ಪೆ ತೆಗೆದಳು. ಗಂಟುಗಳಿಲ್ಲದಂತೆ ನುರಿದಳು. ಶುಂಠಿಯನ್ನು ತುರಿದು, ಕೊತ್ತಂಬರಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬೆರೆಸಿದಳು. ಮೂತಿ ಎಳೆಯುವಾಗ ಬೆರಳಿಗೆ ತನ್ನಷ್ಟಕ್ಕೆ ಕೆಲಸ ನೆನಪಿತ್ತು; ಹೆಬ್ಬೆರಳಿನಿಂದ ಒಂದು ಸಲ ಒತ್ತಿ, ತೋರುಬೆರಳಿನಿಂದ ಮೇಲೆತ್ತಿದರೆ ಮೂಗು. ಕಣ್ಣು ಇಡುವ ಕೆಲಸ ಅಕ್ಷಿತ್‌ನದು. ಒಂದೊಂದು ಕಾಳನ್ನೂ ಇಟ್ಟು, ತಲೆ ಓರೆ ಮಾಡಿ ನೋಡಿ, ಸರಿಯಾಗಿಲ್ಲವೆಂದು ತೆಗೆದು ಮತ್ತೆ ಇಡುತ್ತಿದ್ದ. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಎಲೆಗೆ ಸಾಕಾಗುವಷ್ಟನ್ನು ಕರಿದು, ಉಳಿದ ಆಲೂಗಡ್ಡೆಯನ್ನು ಮುಚ್ಚಿಟ್ಟಳು.

ಮುಸ್ಸಂಜೆಗೆ ನಡುಮನೆಯಲ್ಲಿ ದೀಪ ಹಚ್ಚಿ ಎರಡು ಎಲೆ ಹಾಕಿದರು. ಎರಡಕ್ಕೂ ರೊಟ್ಟಿ, ಕೋಳಿ ಸಾರು, ಅನ್ನ. ಪಕ್ಕದಲ್ಲಿ ನೀರಿನ ಲೋಟ. ಕೀರ್ತನನ ಎಲೆಯ ತುದಿಯಲ್ಲಿ ಮುಳ್ಳುಹಂದಿಗಳನ್ನು ಅಕ್ಷಿತ್ ತಾನೇ ಇಟ್ಟ, ಮೂತಿಗಳೆಲ್ಲ ಊಟ ಮಾಡುವವನ ಕಡೆಗೆ. ಜಯಲತಾ ಕೈಮುಗಿದು ತುಳುವಿನಲ್ಲಿ ಗಂಡನನ್ನೂ ಮಗನನ್ನೂ ಹೆಸರು ಹಿಡಿದು ಕರೆದಳು. ಮೂವರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು.

ಆ ಕಟ್ಟಡದಲ್ಲಿ ಎಲ್ಲ ಮನೆಗಳ ಬಾಗಿಲೂ ಒಂದೇ ಉದ್ದ ಗ್ಯಾಲರಿಗೆ ತೆರೆಯುತ್ತವೆ. ಪಕ್ಕದ ಮನೆಯ ಸೋನಾಲಿ ಬಟ್ಟೆ ಮಡಚುತ್ತಾ ಹೊರಗೆ ಬಂದಳು, ಹಿಂದೆ ಅವಳ ಮಗ ಅನೀಶ. ಏನೆಂದು ತಿಳಿದ ಮೇಲೆ ತಮ್ಮಲ್ಲಿ ಇದನ್ನೇ ಕಾಗೆಗೆ ಇಡುತ್ತಾರೆ, ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಅಸಮಾಧಾನ ಎಂದು ಲೆಕ್ಕ ಎಂದು ಮರಾಠಿಯಲ್ಲಿ ಹೇಳಿದಳು. ಅವಳ ಮಾವ ತೀರಿಕೊಂಡಾಗ ಮಧ್ಯಾಹ್ನದವರೆಗೆ ಕಾಗೆಯೇ ಬಂದಿರಲಿಲ್ಲವಂತೆ. ಅಕ್ಷಿತ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಸೌಜನ್ಯ ಮಾತು ಬದಲಿಸಲು ನೋಡಿದಳು, ಮಳೆಯ ಬಗ್ಗೆ, ತಡವಾಗುತ್ತಿರುವ ಲೋಕಲ್ ರೈಲುಗಳ ಬಗ್ಗೆ ಏನೋ ಹೇಳಿದಳು. ಹುಡುಗ ಬಾಗಿಲಿಗೆ ಕಿವಿ ಹಚ್ಚಿ ನಿಂತ. ಒಳಗೆ ಸದ್ದೇನೂ ಇರಲಿಲ್ಲ. ಕೆಳಗೆ ಸ್ಟೇಷನ್ನಿನ ಘೋಷಣೆ, ತಗಡಿನ ಮೇಲೆ ಮಳೆ. ಸ್ವಲ್ಪ ಹೊತ್ತಿನಲ್ಲಿ ಸೌಜನ್ಯ ತಾನೂ ಉಸಿರು ಹಿಡಿದು ಕೇಳುತ್ತಿದ್ದೇನೆಂದು ಗಮನಿಸಿದಳು. ತನ್ನ ಮೇಲೆಯೇ ಸಿಟ್ಟು ಬಂತು.

ಜಯಲತಾ ಬಾಗಿಲನ್ನು ಮೂರು ಸಲ ತಟ್ಟಿ ತೆರೆದಳು. ದೀಪ ಉರಿಯುತ್ತಿತ್ತು. ಎಲೆಗಳು ಇಟ್ಟಂತೆಯೇ ಇದ್ದವು. ಅಕ್ಷಿತ್ ಮಂಡಿಯೂರಿ ಕುಳಿತು ಮುಳ್ಳುಹಂದಿಗಳನ್ನು ನೋಡಿದ. ಒಂದೂ ಕದಲಿರಲಿಲ್ಲ, ಒಂದರ ಕಣ್ಣೂ ಬಿದ್ದಿರಲಿಲ್ಲ. ಅವನ ಕೆಳತುಟಿ ಮುಂದೆ ಬಂತು. ಸೌಜನ್ಯ ಹೆದರಿದ್ದು ಇದಕ್ಕೇ.

"ಮೊದಲು ನೀನು ತಿನ್ಬೇಕು ಮಗಾ. ಅಪ್ಪನ ಎಲೆಯದ್ದು," ಎಂದು ಅಜ್ಜಿ ಒಂದನ್ನು ಅವನ ಕೈಗೆ ಕೊಟ್ಟಳು.

ಹುಡುಗ ಕಚ್ಚಿದ, ಅಗಿದ, ನಿಲ್ಲಿಸಿದ. "ಅಜ್ಜಿ, ಇಸ್ ಮೇ ಟೇಸ್ಟ್ ಹೀ ನಹೀ ಹೈ."

ಜಯಲತಾ ಅವನ ಕೈಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವಳ ಮುಖ ನಿಧಾನವಾಗಿ ಸಡಿಲವಾಯಿತು. "ಸಪ್ಪೆ," ಎಂದಳು. "ತಿಂದಿದ್ದಾನೆ ಮಗಾ. ಅವರು ತಿಂದದ್ದರಲ್ಲಿ ಉಪ್ಪು ಉಳಿಯುದಿಲ್ಲ. ನನ್ನ ಅಜ್ಜಿ ಹೇಳ್ತಿದ್ರು. ಪಪ್ಪ ಬಂದಿದ್ದ."

ಒಂದು ಉಸಿರಿನಷ್ಟು ಹೊತ್ತು ಸೌಜನ್ಯಳೂ ನಂಬಿದಳು. ಮೈಯೆಲ್ಲ ಬೆಚ್ಚಗಾಯಿತು, ಕಣ್ಣು ಬಾಗಿಲಿನ ಕಡೆ ಹೋಯಿತು. ಆಮೇಲೆ ನೆನಪಾಯಿತು. ಅವಳ ಕೈಗೆ ಬರುವಾಗ ಆಲೂಗಡ್ಡೆ ಯಾವಾಗಲೂ ಹದವಾಗಿಯೇ ಇರುತ್ತಿತ್ತು. ಶುಂಠಿ, ಕೊತ್ತಂಬರಿ ಕಣ್ಣಿಗೆ ಕಾಣುತ್ತಿದ್ದವು, ಹಾಗಾಗಿ ನೆನಪಿಟ್ಟು ಹಾಕಿದ್ದಳು. ಉಪ್ಪು ಕಾಣುವಂಥದ್ದಲ್ಲ. ಅದನ್ನು ಹಾಕುವವನು ಇರಲಿಲ್ಲ.

"ಸಚ್ಚೀ? ಗುಸ್ಸಾ ನಹೀ ಹೈ?"

"ಕೋಪ ಇದ್ದವ ತಿಂತಾನಾ?"

ಅಕ್ಷಿತ್ ಉಳಿದದ್ದನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ಸಪ್ಪೆಯಾದಷ್ಟೂ ಸಂತೋಷ ಎಂಬಂತೆ ಇನ್ನೊಂದನ್ನು ತೆಗೆದ. ಆಮೇಲೆ ಬೇರೆ ಏನೇನು ತಿಂದಿದ್ದಾನೆ ನೋಡೋಣವೆಂದು ಅದೇ ಎಲೆಯ ಸಾರಿನಲ್ಲಿ ಬೆರಳದ್ದಿ ನೆಕ್ಕಿದ. ಅದರಲ್ಲಿ ಉಪ್ಪು ಇದೆ ಎಂದ. ಅವನದು ಬರೀ ವರದಿ, ಬೇರೆ ಅರ್ಥವೇನೂ ಅವನ ಮನಸ್ಸಿನಲ್ಲಿರಲಿಲ್ಲ.

ಜಯಲತಾ ರೊಟ್ಟಿಯ ತುಂಡನ್ನು ಸಾರಿನಲ್ಲಿ ಅದ್ದಿ ತಿಂದಳು. ಒಂದು ಚೂರು ಮಾಂಸ ತಿಂದಳು. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿತ್ತು. ಅಂದಾಜಿನಲ್ಲಿ ಹಾಕಿದರೂ ಆ ಕೈ ತಪ್ಪುವಂಥದ್ದಲ್ಲ. ಅವಳು ಬೆರಳನ್ನು ಎಲೆಯ ಅಂಚಿಗೆ ಒರೆಸಿದಳು.

"ನನ್ನದನ್ನು ಮುಟ್ಲಿಲ್ಲ," ಎಂದಳು.

ಗಂಡ ಮುಂಡಪ್ಪನ ಎಲೆಯನ್ನು ಅವಳು ನೋಡಲೂ ಇಲ್ಲ. ಸೌಜನ್ಯ ಬಾಯಿ ತೆರೆದಳು. ಉಪ್ಪು ಹಾಕಲು ಮರೆತೆ ಎಂದರೆ ಮುಗಿಯಿತು, ಒಂದೇ ವಾಕ್ಯ. ಅಷ್ಟರಲ್ಲಿ ಹುಡುಗ ಎದ್ದು ನಿಂತು, ಅನೀಶನನ್ನು ಕರೆಯಲೇ, ಅವನಿಗೂ ಮುಳ್ಳುಹಂದಿ ಕೊಡೋಣವೇ ಎಂದು ಕೇಳಿದ. ಫೆಬ್ರವರಿಯಿಂದ ಈಚೆಗೆ ಅವನು ಯಾರನ್ನೂ ಕರೆಯುತ್ತೇನೆಂದಿರಲಿಲ್ಲ. ಉಳಿದದ್ದನ್ನೂ ಕರಿ, ಮಕ್ಕಳು ತಿನ್ನಲಿ ಎಂದು ಜಯಲತಾ ಗೋಡೆ ನೋಡುತ್ತಾ ಹೇಳಿದಳು. ಹುಡುಗ ಆಗಲೇ ಗ್ಯಾಲರಿಯಲ್ಲಿದ್ದ.

ಅಡುಗೆಮನೆಯಲ್ಲಿ ಸೌಜನ್ಯ ಎಣ್ಣೆ ಕಾಯಲು ಒಲೆ ಹಚ್ಚಿದಳು. ಮುಚ್ಚಳ ತೆಗೆದು ಆಲೂಗಡ್ಡೆಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟಳು. ಬರೀ ಆಲೂಗಡ್ಡೆ. ಇದನ್ನು ಹೀಗೆಯೇ ಕರಿದರೆ ಇದೂ ಸಪ್ಪೆಯಾಗಿರುತ್ತದೆ, ಎಲೆಗೆ ಇಡದ್ದು ಕೂಡ ಸಪ್ಪೆಯಾಗಿದ್ದರೆ ಯಾರೂ ಬಂದಿರಲಿಲ್ಲ ಎಂದು ಏಳು ವರ್ಷದವನಿಗೂ ಹೊಳೆಯುತ್ತದೆ. ಅನೀಶ ಮೊದಲ ತುತ್ತಿಗೇ ಉಪ್ಪಿಲ್ಲ ಎನ್ನುತ್ತಾನೆ. ಅವನಿಗೆ ಯಾರ ಹಂಗು. ಲ್ಯಾಬಿನಲ್ಲಿ ಅವಳು ಹೊಸ ಹುಡುಗಿಯರಿಗೆ ಮೊದಲ ದಿನವೇ ಹೇಳುವ ಮಾತೊಂದಿತ್ತು: ಫಲಿತಾಂಶ ಎಷ್ಟೇ ವಿಚಿತ್ರವಾಗಿರಲಿ, ಮಾದರಿಗೆ ಕೈ ಹಚ್ಚಬೇಡಿ. ಇಷ್ಟು ವರ್ಷದಲ್ಲಿ ಅವಳು ಹಚ್ಚಿರಲಿಲ್ಲ.

ಉಪ್ಪಿನ ಡಬ್ಬಿ ತೆಗೆದು ಒಂದು ಚಿಟಿಕೆ ಹಾಕಿ ನಾದಿದಳು, ರುಚಿ ನೋಡಿದಳು. ಇನ್ನೊಂದು ಚಿಟಿಕೆ. ಕೀರ್ತನ್ ಎಷ್ಟು ಹಾಕುತ್ತಿದ್ದನೋ, ಅವಳು ಎಂದೂ ಕೇಳಿರಲಿಲ್ಲ. ಮೂತಿ ಎಳೆಯಲು ಹೊತ್ತಿರಲಿಲ್ಲ. ಉಂಡೆಗಳನ್ನು ಹಾಗೆಯೇ ಶಾವಿಗೆಯಲ್ಲಿ ಹೊರಳಿಸಿ ಎಣ್ಣೆಗೆ ಬಿಟ್ಟಳು. ಎಣ್ಣೆಯ ಸದ್ದು ಕಡಿಮೆಯಾಗುವವರೆಗೆ ಒಲೆಯ ಮುಂದೆ ನಿಂತಿದ್ದಳು. ಅವನು ಬಂದಿದ್ದ ಎಂದು ಅಜ್ಜಿ, ಮೊಮ್ಮಗ ಇಬ್ಬರೂ ನಂಬಿದ್ದರು. ಬರಲಿಲ್ಲವೆಂಬುದು ಈ ಮನೆಯಲ್ಲಿ ಇನ್ನು ಅವಳೊಬ್ಬಳಿಗೇ ಗೊತ್ತಿರಬೇಕಾದ ವಿಷಯ.

ಅನೀಶ ಒಂದನ್ನು ತಿಂದು ಇನ್ನೊಂದು ಕೇಳಿದ. ಅಕ್ಷಿತ್ ತನ್ನದನ್ನು ಊದಿ ಊದಿ ತಣಿಸಿ ಕಚ್ಚಿದ, ಕಣ್ಣರಳಿಸಿ ಅಜ್ಜಿಯ ಕಡೆ ನೋಡಿದ. "ಇಸ್ ಮೇ ಹೈ, ಅಜ್ಜಿ. ನಮಕ್ ಹೈ." ಎಲೆಯದ್ದರಲ್ಲಿ ಮಾತ್ರ ಉಪ್ಪು ಇರಲಿಲ್ಲ. ಎಲೆಯಲ್ಲಿ ಉಳಿದಿದ್ದ ಒಂದನ್ನೂ ತಟ್ಟೆಯ ಒಂದನ್ನೂ ಎರಡು ಕೈಯಲ್ಲಿ ಹಿಡಿದು, ಇದು ಪಪ್ಪ ತಿಂದದ್ದು, ಇದು ತಿನ್ನದ್ದು ಎಂದು ಅನೀಶನಿಗೆ ತಿನ್ನಿಸಿ ತೋರಿಸಿದ. ಅನೀಶನೂ ಒಪ್ಪಿದ. ಇಬ್ಬರೂ ಗ್ಯಾಲರಿಗೆ ಓಡಿದರು. ಸೋನಾಲಿಗೂ ಅದೇ ಪರೀಕ್ಷೆ ಆಗುತ್ತಿರುವುದು ಒಳಗೆ ಕೇಳಿಸಿತು.

ಜಯಲತಾ ಮಗನ ಎಲೆಯ ಕೋಳಿಯನ್ನು ಮೆಲ್ಲಗೆ ಒಂದು ಬದಿಗೆ ಸರಿಸುತ್ತಿದ್ದಳು. ರೊಟ್ಟಿ ಸಾರು ಕುಡಿದು ಮೆತ್ತಗಾಗಿ ಎಲೆಗೆ ಅಂಟಿಕೊಂಡಿತ್ತು.

"ಬರುವ ವರ್ಷ ಅವನಿಗೆ ಕೋಳಿ ಬೇಡ," ಎಂದಳು. "ಸುಮ್ಮನೆ ಯಾಕೆ. ನೀನು ಇದನ್ನೇ ಮಾಡು. ಇವತ್ತು ಮಾಡಿದ ಹಾಗೆಯೇ ಮಾಡು."

ಹೊರಗಿನಿಂದ ಹುಡುಗನ ನಗು ಕೇಳಿತು.

"ಆಯ್ತು ಅತ್ತೆ," ಎಂದಳು ಸೌಜನ್ಯ.

ತಟ್ಟೆ ತಂದು ಅತ್ತೆಯ ಎದುರಿಗೆ ಕುಳಿತಳು. ರೊಟ್ಟಿ ಮುರಿದು ಹಾಕಿಕೊಂಡು ಸಾರು ಬಡಿಸಿಕೊಂಡಳು. ನೆನೆಯಲು ಬಿಡದೆ ತಿಂದಳು. ಚೆನ್ನಾಗಿದೆ, ಇಷ್ಟು ಚೆನ್ನಾಗಿ ಈಚೆಗೆ ಆಗಿರಲಿಲ್ಲ ಎಂದಳು. ಸೌಜನ್ಯ ತಟ್ಟೆಯನ್ನು ಮತ್ತೆ ಮುಂದೆ ಹಿಡಿದಳು.

"ನನಗೆ ಇನ್ನೊಂದು ಸೌಟು ಹಾಕಿ ಅತ್ತೆ."

ಜಯಲತಾ ಮುಖ ಎತ್ತದೆ ಪಾತ್ರೆಯನ್ನೇ ಅವಳ ಕಡೆಗೆ ತಳ್ಳಿದಳು.